ನಿಮಗಿದು ಗೊತ್ತೆ? ಸರಣಿ ಉದ್ದವಾದರೆ ಬಲಾಢ್ಯರಿಗೇ ಲಾಭ
ಒಂದು ಪಂದ್ಯ ಗೆಲ್ಲುವ ಸಾಧ್ಯತೆ ಶೇ 40ರಷ್ಟೇ ಇರುವ ತಂಡ ಮೂರು ಪಂದ್ಯಗಳ ಸರಣಿ ಗೆಲ್ಲುವ ಸಾಧ್ಯತೆ ಸುಮಾರು ಶೇ 35. ಐದರ ಸರಣಿಯಾದರೆ ಶೇ 32, ಏಳರದ್ದಾದರೆ ಶೇ 29. ಅದೃಷ್ಟದ ಪಾಲು ಕುಗ್ಗುವುದು ನಿಜ, ಆದರೆ ನಾವಂದುಕೊಂಡಷ್ಟೇನೂ ಅಲ್ಲ!

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಲೀಗ್ ಹಂತದ ನಂತರದ ಪ್ಲೇಆಫ್‌ನ ಮೊದಲ ಸುತ್ತು ಹಿಂದೆ ಐದು ಪಂದ್ಯಗಳ ಸರಣಿಯಾಗಿತ್ತು. 1994ರಲ್ಲಿ ಎಂಟನೇ ಶ್ರೇಯಾಂಕದ ಡೆನ್ವರ್ ನಗೆಟ್ಸ್ ಮೊದಲೆರಡು ಪಂದ್ಯ ಸೋತೂ ಅಗ್ರ ಶ್ರೇಯಾಂಕದ ಸಿಯಾಟಲ್ ತಂಡವನ್ನು 3–2ರಿಂದ ಮನೆಗೆ ಕಳಿಸಿತು. ಏಳರ ಸರಣಿಯಾಗಿದ್ದರೆ ಸಿಯಾಟಲ್‌ಗೆ ಇನ್ನೂ ಉಸಿರಿರುತ್ತಿತ್ತು.

2003ರಲ್ಲಿ ಮೊದಲ ಸುತ್ತೂ ಏಳಕ್ಕೇರಿತು. ಆದರೂ 2007ರಲ್ಲಿ ಎಂಟನೇ ಶ್ರೇಯಾಂಕದ ಗೋಲ್ಡನ್ ಸ್ಟೇಟ್ ವಾರಿಯರ್ಸ್, ಲೀಗ್ ಹಂತದಲ್ಲಿ 67 ಪಂದ್ಯ ಗೆದ್ದಿದ್ದ ಡಲ್ಲಾಸ್ ತಂಡದ ಕಥೆಯನ್ನು ಆರೇ ಪಂದ್ಯಗಳಲ್ಲಿ ಮುಗಿಸಿತು.