ಹಳೆಯ ಕಟ್ಟಡ ಬೀಳುವುದು ಏಕೆ?

ಹೋದ ತಿಂಗಳು ನಮ್ಮ ರಾಜ್ಯಶಾಸ್ತ್ರದ ತರಗತಿಯಲ್ಲಿ ಮೂಲಭೂತ ಕರ್ತವ್ಯಗಳ ಪಾಠ ನಡೆಯಿತು. ಸಂವಿಧಾನದ 51ಎ ವಿಧಿ, 1976ರ 42ನೇ ತಿದ್ದುಪಡಿಯಿಂದ ಬಂದದ್ದು. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡಬೇಕು ಎನ್ನುವುದು ಆ ಕರ್ತವ್ಯಗಳಲ್ಲಿ ಒಂದು. ಪಾಠ ಮುಗಿಸಿದ ಮೇಲೆ ಮೇಡಂ, “ಇದನ್ನು ನಿಮ್ಮಲ್ಲಿ ಯಾರು, ಯಾವಾಗ ಮಾಡಿದ್ದೀರಿ?” ಎಂದು ಕೇಳಿದರು. ಒಂದು ಕೈಯೂ ಮೇಲೇಳಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ, “ಟಿಕೆಟ್ ತಗೊಂಡು ಅರಮನೆ ನೋಡಿದ್ದೀನಿ ಮೇಡಂ” ಎಂದಳು. ಎಲ್ಲರೂ ನಕ್ಕೆವು.

ನಗುತ್ತಿದ್ದಾಗಲೇ ನನಗೆ ದಾದಾ ಅವರ ಅಂಗಡಿ ನೆನಪಾಯಿತು. ನನ್ನ ತಂದೆಯ ತಂದೆಯನ್ನು ನಾವು ದಾದಾ ಎನ್ನುತ್ತೇವೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅವರದು ಬಾಳೆಹಣ್ಣಿನ ಮಳಿಗೆ. ಏಲಕ್ಕಿ, ಪಚ್ಚಬಾಳೆ, ಸಿಕ್ಕಿದಾಗ ನಂಜನಗೂಡು ರಸಬಾಳೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ; ರಂಜಾನ್ ತಿಂಗಳಲ್ಲಿ ಸಂಜೆ ನಾಲ್ಕರ ಮೇಲೆ ಮತ್ತೆ ಅದೇ ನೂಕುನುಗ್ಗಲು. ಸಮ್ಮಿಶ್ರ ಸಂಸ್ಕೃತಿ ಎಂಬ ಪದವನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಆ ಮಳಿಗೆಯ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ನೋಡಿದ್ದೆ ಅನ್ನಿಸುತ್ತದೆ. ಆ ಮಳಿಗೆಯ ಮೇಲಿನ ಗೋಡೆಯಲ್ಲಿ ಒಂದು ಅರಳಿ ಸಸಿ ಹುಟ್ಟಿದೆ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲು ಆ ಸುತ್ತಮುತ್ತಲನ್ನು ಹೇಳಿಬಿಡುತ್ತೇನೆ. ಬೇರೆ ಊರುಗಳಿಂದ ಬಂದು ಹಾಸ್ಟೆಲಿನಲ್ಲಿರುವ ಗೆಳತಿಯರಿಗೆ ಇದು ಬರೀ ಬಸ್ಸು ಬದಲಿಸುವ ಜಾಗ. ಮಾರುಕಟ್ಟೆಯ ದಕ್ಷಿಣ ಬಾಗಿಲಿನಿಂದ ಹೊರಗೆ ಬಂದರೆ ಎದುರಿಗೇ ಚಿಕ್ಕ ಗಡಿಯಾರ. ವೈಸ್‌ರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಅದರ ಆಚೆಗೆ ಜಗನ್ಮೋಹನ ಅರಮನೆಯ ಕಡೆ ಉದ್ದಕ್ಕೆ ಚಾಚಿದ ಲ್ಯಾನ್ಸ್‌ಡೌನ್ ಕಟ್ಟಡ, ಮತ್ತೊಬ್ಬ ವೈಸ್‌ರಾಯ್ ಹೆಸರಿನದು, 1892ರದು. ನಮ್ಮ ಅಬ್ಬಾ ಓದುವಾಗ ಪಿಯುಸಿ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಂಡದ್ದು ಅಲ್ಲಿನ ಹಳೆ ಪುಸ್ತಕದ ಅಂಗಡಿಗಳಲ್ಲಿ. ಇತ್ತ ಕೆ.ಆರ್. ವೃತ್ತ ದಾಟಿದರೆ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದದ್ದು. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು. ಮುಂದಿನ ಸಲ ಹೋದಾಗ ತಲೆಯೆತ್ತಿ ನೋಡಿ. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಅವರು ದಿವಾನರು. ಊರಿನ ಅಂದಚೆಂದ ಎಂದರೆ ಅದೂ ಆಡಳಿತದ ಕೆಲಸವೇ ಎಂದು ನಂಬಿದ್ದವರು. ಕೆ.ಆರ್.ಎಸ್.ನ ಬೃಂದಾವನ ಉದ್ಯಾನ ಅವರ ಕಾಲದ್ದು. ಅವರ ಹೆಸರಿನ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟೋ ಮಂದಿಗೆ ಅವರು ಯಾರೆಂದು ಗೊತ್ತಿಲ್ಲ. ಆ ಮಾತು ಇನ್ನೊಮ್ಮೆ.

ದೇವರಾಜ ಮಾರುಕಟ್ಟೆ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ರೂಪ ಪಡೆದು ನಾಲ್ವಡಿಯವರ ಕಾಲದಲ್ಲಿ ಬೆಳೆಯಿತು. ಎಂಟುನೂರಕ್ಕೂ ಹೆಚ್ಚು ಮಳಿಗೆಗಳಿವೆ. ಹೂವು, ವೀಳ್ಯದೆಲೆ, ಕುಂಕುಮ, ಅತ್ತರು, ಊದುಬತ್ತಿ, ತರಕಾರಿ, ಪಾತ್ರೆ ಎಲ್ಲವೂ ಸಿಗುತ್ತವೆ. ಇಷ್ಟೂ ಜನ ದಿನಾ ಓಡಾಡುವ ಈ ಜಾಗದಲ್ಲಿ ಗೋಡೆಗಳು ಏಕೆ ಬೀಳುತ್ತಿವೆ?

ಬಿದ್ದದ್ದಂತೂ ಸುಳ್ಳಲ್ಲ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂದಿನಿಂದ ಅಲ್ಲಿ ವ್ಯಾಪಾರ ನಿಂತಿತು. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಭಾಗ ಬಿತ್ತು. ಆಗ ಕಟ್ಟಡದ ದುರಸ್ತಿ ಕೆಲಸ ನಡೆಯುತ್ತಿತ್ತು! ಯಾರ ಪ್ರಾಣವೂ ಹೋಗಲಿಲ್ಲ. ನಾನಾಗ ಪುಟ್ಟ ಹುಡುಗಿ. ದಾದಾ ಮನೆಗೆ ಬಂದು ಮುಟ್ಟುವವರೆಗೆ ಅಮ್ಮಿ ಒಲೆ ಹಚ್ಚಲಿಲ್ಲ ಎನ್ನುವುದು ಮಾತ್ರ ನೆನಪಿದೆ.

“ಹಳೇದಾಯ್ತು, ಬಿತ್ತು” ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಮೇಡಂ ಅವರ ಪ್ರಶ್ನೆಯ ನಂತರದ ಭಾನುವಾರ ಅಂಗಡಿಗೆ ಹೋದಾಗ, ದಾದಾ ಅವರ ಹಳೆಯ ಪರಿಚಯದ ಗಾರೆ ಮೇಸ್ತ್ರಿಯೊಬ್ಬರು ಬಂದಿದ್ದರು. ಎಪ್ಪತ್ತು ದಾಟಿದವರು. ನಾನು ಸಸಿಯನ್ನು ತೋರಿಸಿದೆ. ಅವರು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, “ಕಟ್ಟಡ ವಯಸ್ಸಾಗಿ ಸಾಯಲ್ಲಮ್ಮ, ನೀರು ಕುಡಿದು ಸಾಯುತ್ತೆ” ಎಂದರು. ಅಂದು ಒಂದು ಗಂಟೆ ಅವರು ಹೇಳಿದ್ದನ್ನು, ಆಮೇಲೆ ಗ್ರಂಥಾಲಯದಲ್ಲಿ ಓದಿದ್ದರ ಜೊತೆ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆ ಕಾಲದ ಗೋಡೆಗಳನ್ನು ಕಟ್ಟಿದ್ದು ಸಿಮೆಂಟಿನಿಂದ ಅಲ್ಲ, ಸುಣ್ಣದ ಗಾರೆಯಿಂದ. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ, ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಗಟ್ಟಿ ಬರಲೆಂದು ಬೆಲ್ಲದ ನೀರು, ಅಳಲೆಕಾಯಿಯ ರಸ ಹಾಕುತ್ತಿದ್ದುದೂ ಉಂಟು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ (ವಿಜ್ಞಾನ ವಿಭಾಗದವರಿಗೆ ಇದು ಸುಲಭದ ಸಮೀಕರಣ, ನನಗೆ ಎರಡು ಸಲ ಓದಬೇಕಾಯಿತು). ಹೀಗೆ ಕಟ್ಟಿದ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಮಳೆಗಾಲದಲ್ಲಿ ಅದು ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಸ್ತ್ರಿಯವರ ಮಾತಿನಲ್ಲಿ, ಗೋಡೆ ಉಸಿರಾಡುತ್ತದೆ.

ಚಾವಣಿಯದು ಇನ್ನೊಂದು ಕಥೆ. ಆ ಕಾಲದಲ್ಲಿ ಹೆಚ್ಚಾಗಿ ಹಾಕುತ್ತಿದ್ದುದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ತೇಗದ ತೊಲೆಗಳು, ಅವುಗಳ ಮೇಲೆ ಅಂಚು ನಿಲ್ಲಿಸಿ ಓರೆಯಾಗಿ ಜೋಡಿಸಿದ ತೆಳ್ಳಗಿನ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಬೆರೆಸಿದ ದಪ್ಪ ಪದರ. ಆ ಪದರವನ್ನು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. “ಹೆಂಗಸರು ಸಾಲಾಗಿ ಕೂತು ಪದ ಹೇಳ್ಕೊಂಡು ಬಡಿಯೋರು. ನಾನು ಚಿಕ್ಕವನಿದ್ದಾಗ ನೋಡಿದ್ದೀನಿ” ಎಂದರು ಮೇಸ್ತ್ರಿ.

ಈಗ ಇಂಥ ಚಾವಣಿಯ ಮೇಲೆ ನೀರು ಹೋಗುವ ಕೊಳವೆಯೊಂದು ಕಸದಿಂದ ಕಟ್ಟಿಕೊಂಡಿತು ಎನ್ನಿ. ನೀರು ನಿಲ್ಲುತ್ತದೆ, ಗೋಡೆಯೊಳಕ್ಕೆ ಇಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುತ್ತದಲ್ಲ, ಅಲ್ಲಿಂದ ಕೊಳೆಯಲು ಶುರು. ಹೊರಗಿನಿಂದ ನೋಡಿದರೆ ತೊಲೆ ನೆಟ್ಟಗಿರುತ್ತದೆ. ಒಳಗಿನ ತುದಿ ಮಾತ್ರ ಪುಡಿ. ಸೋರುತ್ತಿದೆ ಎಂದು ಯಾರೋ ಮೇಲೆ ಒಂದು ಪದರ ಸಿಮೆಂಟು ಹಾಕುತ್ತಾರೆ. ಐದು ವರ್ಷ ಬಿಟ್ಟು ಮತ್ತೊಂದು ಪದರ. ತೊಲೆ ಕೊಳೆಯುತ್ತಿದ್ದ ಹಾಗೆ ಅದರ ಮೇಲಿನ ಭಾರ ಹೆಚ್ಚುತ್ತಾ ಹೋಗುತ್ತದೆ. ಗೋಡೆಗೂ ಸಿಮೆಂಟಿನ ಲೇಪ ಬಳಿಯುತ್ತಾರೆ. ಸಿಮೆಂಟು ತೇವವನ್ನು ಹೊರಗೆ ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರಿನಿಂದ ಇಟ್ಟಿಗೆ ಮೆದುವಾಗುತ್ತದೆ. “ಮೂಗು ಹಿಡಿದು ಔಷಧಿ ಕುಡಿಸಿದಂಗೆ ಸಾಬ್ರೇ” ಎಂದು ಮೇಸ್ತ್ರಿ ದಾದಾ ಕಡೆ ತಿರುಗಿ ನಕ್ಕರು. ದಾದಾ ನಗಲಿಲ್ಲ, ತಲೆಯ ಮೇಲೆ ನೋಡಿಕೊಂಡರು.

ಇನ್ನು ಅರಳಿ. ಹಕ್ಕಿ ಹಣ್ಣು ತಿಂದು ಬಿರುಕಿನಲ್ಲಿ ಬೀಜ ಬಿಡುತ್ತದೆ. ಸುಣ್ಣದ ಗೋಡೆಯ ತೇವ ಅದಕ್ಕೆ ಸಾಕು. ವರ್ಷಕ್ಕೊಮ್ಮೆ ಯಾರಾದರೂ ಮೇಲಿನ ಕೊಂಬೆ ಕತ್ತರಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಬೇರು ಒಳಗೇ ಉಳಿದು ದಪ್ಪವಾಗುತ್ತಾ ಇಟ್ಟಿಗೆಗಳನ್ನು ಸೀಳುತ್ತದೆ. ಸಸಿ ಎಳೆಯದಿದ್ದಾಗಲೇ ಬೇರು ಸಮೇತ ತೆಗೆದು, ಆ ಸಂದಿಗೆ ಸುಣ್ಣದ ಗಾರೆಯನ್ನೇ ತುಂಬಬೇಕು. ಅರ್ಧ ದಿನದ ಕೆಲಸ. ಇಪ್ಪತ್ತು ವರ್ಷ ಬಿಟ್ಟರೆ ಗೋಡೆ ಬಿಚ್ಚಿ ಕಟ್ಟಬೇಕಾಗುತ್ತದೆ.

ಹಾಗಾದರೆ ಇದನ್ನೆಲ್ಲ ನೋಡಿಕೊಳ್ಳಬೇಕಾದವರು ಯಾರು? ಇಲ್ಲಿ ನನಗೆ ಆಶ್ಚರ್ಯವಾಯಿತು. ಪ್ರಾಚೀನ ಸ್ಮಾರಕಗಳಿಗೆ ಕೇಂದ್ರದ 1958ರ ಕಾಯ್ದೆ ಇದೆ, ರಾಜ್ಯದ 1961ರ ಕಾಯ್ದೆ ಇದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್ ಇಂಥ ರಕ್ಷಣೆಯಲ್ಲಿದೆ. ಹಾಗಾಗಿಯೇ ಅದರ ಗೋಡೆಯ ಚಿತ್ರಗಳನ್ನು ನಾವು ಪ್ರವಾಸದಲ್ಲಿ ನೋಡಲಾಯಿತು. ಉದ್ಯಾನಗಳಿಗೂ ಕಾಯ್ದೆಗಳಿವೆ. ಬೆಂಗಳೂರಿನ ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗನ್ನು ಕಾಪಾಡಲು 1975ರಲ್ಲಿ ಒಂದು, ಊರೂರಿನ ಉದ್ಯಾನ ಮತ್ತು ಆಟದ ಮೈದಾನಗಳಿಗೆ 1985ರಲ್ಲಿ ಇನ್ನೊಂದು.

ಆದರೆ ಮಾರುಕಟ್ಟೆ ಉದ್ಯಾನವೂ ಅಲ್ಲ, ಟಿಕೆಟ್ ಇಟ್ಟು ತೋರಿಸುವ ಸ್ಮಾರಕವೂ ಅಲ್ಲ. ಜನ ಬಳಸುತ್ತಿರುವ, ನಗರಾಡಳಿತಕ್ಕೆ ಬಾಡಿಗೆ ಕಟ್ಟುತ್ತಿರುವ ಕಟ್ಟಡ. ಇಂಥವುಗಳನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಸೇರಿಸಬಹುದು, ಪಾರಂಪರಿಕ ಸಮಿತಿ ಸಲಹೆ ಕೊಡಬಹುದು. ಸಲಹೆ ಸಲಹೆಯೇ. ಕಟ್ಟಡದ ಒಡೆಯರು ಒಂದು ಕಡೆ, ಬಳಸುವವರು ಇನ್ನೊಂದು ಕಡೆ, ತಿಳಿದವರು ಮತ್ತೊಂದು ಕಡೆ. ಮಳಿಗೆಯವನು ತಾನೇ ರಿಪೇರಿ ಮಾಡಿಸುವ ಹಾಗಿಲ್ಲ. ಮಾಡಿಸಿದರೂ ತನ್ನ ಹತ್ತಡಿಯ ಜಾಗಕ್ಕೆ ಸಿಮೆಂಟು ಬಳಿಸುತ್ತಾನೆ ಅಷ್ಟೆ. ನಮ್ಮ ದಾದಾ ಕೂಡ ಹಿಂದೊಮ್ಮೆ ಬಳಿಸಿದ್ದಾರೆ. ಅಂದು ಮೇಸ್ತ್ರಿ ಎದುರು ಒಪ್ಪಿಕೊಂಡರು.

2016ರ ನಂತರ ಊರಿನಲ್ಲಿ ಎರಡು ಅಭಿಪ್ರಾಯಗಳಾದವು. ಪರಂಪರೆ ತಜ್ಞರು ಕಟ್ಟಡವನ್ನು ಸರಿಪಡಿಸಿ ಉಳಿಸಬಹುದು ಎಂದರು. ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕು ಎಂದು ಇನ್ನೊಂದು ಕಡೆಯ ತಜ್ಞರು ಹೇಳಿದರು. ವಿಷಯ ಹೈಕೋರ್ಟಿಗೆ ಹೋಗಿ, 2023ರಲ್ಲಿ ಕೆಡವಿ ಕಟ್ಟುವುದಕ್ಕೆ ನ್ಯಾಯಾಲಯ ದಾರಿ ಬಿಟ್ಟಿತು.

ಇದೇ ಎರಡು ಅಭಿಪ್ರಾಯಗಳು ನಮ್ಮ ಮನೆಯ ಊಟದ ದಸ್ತರ್‌ಖಾನಿನ ಮೇಲೂ ಇವೆ. ಅಬ್ಬಾ ಕೆಡವಬೇಕು ಎನ್ನುವವರು. “ಆ ಗೋಡೆ ಕೆಳಗೆ ದಿನಾ ಕೂರೋದು ನನ್ನ ತಂದೆ. ನಿನಗೆ ಪರಂಪರೆ ದೊಡ್ಡದಾ?” ಎಂದು ಅವರು ಕೇಳಿದಾಗ ನನಗೆ ಉತ್ತರ ಬರಲಿಲ್ಲ. ನಾಲ್ವರು ಸತ್ತ ಊರಿನಲ್ಲಿ ಈ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೂ ನನ್ನ ಅಭಿಪ್ರಾಯ ಬೇರೆ. ಅದೇ ರೂಪದಲ್ಲಿ ಕಟ್ಟುತ್ತೇವೆ ಎಂದರೆ ಕಾಂಕ್ರೀಟಿನ ಕಂಬಗಳಿಗೆ ಹಳೆಯ ಕಮಾನಿನ ವೇಷ ಹಾಕುವುದು. ಅದರ ಚಾವಣಿಯ ಕೊಳವೆಯನ್ನೂ ಯಾರೂ ತೆಗೆದು ನೋಡದಿದ್ದರೆ ಅದೂ ಸೋರುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ; ಕಾಂಕ್ರೀಟು ಸುಣ್ಣದ ಗೋಡೆಯಷ್ಟು ವರ್ಷ ಕಾಯುವುದೂ ಇಲ್ಲ. ಅಪಾಯವಿರುವ ಭಾಗಕ್ಕೆ ಇಂದೇ ಆಸರೆ ಕೊಟ್ಟು, ಅಲ್ಲಿರುವವರನ್ನು ಪಕ್ಕಕ್ಕೆ ಕೂರಿಸಿ, ಒಂದೊಂದೇ ಸಾಲನ್ನು ಸುಣ್ಣದಲ್ಲಿ ಸರಿಪಡಿಸುತ್ತಾ ಹೋಗುವುದು ಕಷ್ಟದ ಕೆಲಸ, ನಿಧಾನದ ಕೆಲಸ. ಆದರೆ ಆಗದ ಕೆಲಸವಲ್ಲ.

ದಾದಾ ಅವರನ್ನು ಕೇಳಿದೆ. ಅವರು ಎರಡೂ ಕಡೆ ಸೇರಲಿಲ್ಲ. “ಉಳಿಸಲಿ, ಕೆಡವಲಿ ಬೇಟಿ. ಮಧ್ಯದಲ್ಲಿ ನಮ್ಮನ್ನು ಎಲ್ಲಿ ಕೂರಿಸುತ್ತಾರೆ, ವಾಪಸ್ ಬಂದಾಗ ಈ ಜಾಗ ಇರುತ್ತಾ, ಬಾಡಿಗೆ ಎಷ್ಟಿರುತ್ತೆ, ಅದನ್ನು ಮೊದಲು ಕಾಗದದ ಮೇಲೆ ಬರೆದುಕೊಡಲಿ” ಎಂದರು. ಪರಂಪರೆಯ ಬಗ್ಗೆ ನಾನು ಓದಿದ ಪುಸ್ತಕದಲ್ಲಿ ಕಮಾನು, ಕಂಬ, ಗೋಪುರಗಳ ವಿವರವಿತ್ತು. ಈ ಪ್ರಶ್ನೆ ಇರಲಿಲ್ಲ.

ಕಳೆದ ವಾರ ನಮ್ಮ ತರಗತಿಯ ಆರು ಮಂದಿ ಸೇರಿ ಮಾರುಕಟ್ಟೆಯನ್ನು ಒಂದು ಸುತ್ತು ಹಾಕಿದೆವು. ಕಟ್ಟಿಕೊಂಡ ಕೊಳವೆಗಳು, ಗೋಡೆಯಲ್ಲಿನ ಗಿಡಗಳು, ಬಿರುಕುಗಳು, ಇವುಗಳ ಫೋಟೋ ತೆಗೆದು, ಮಳಿಗೆಯ ಸಂಖ್ಯೆ ಬರೆದು ಒಂದು ನಕ್ಷೆ ಮಾಡಿದೆವು. ನಕ್ಷೆಯ ಪ್ರತಿಯನ್ನು ಅರ್ಜಿಯ ಜೊತೆ ಲಗತ್ತಿಸಿ ಸಂಬಂಧಪಟ್ಟ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದೇವೆ. ಇನ್ನೊಂದು ಪ್ರತಿ ನಮ್ಮ ಗ್ರಂಥಾಲಯದ ಫಲಕದ ಮೇಲಿದೆ. ಬೇರೆ ಗಿಡ, ಬೇರೆ ಬಿರುಕು ಕಂಡವರು ಪೆನ್ಸಿಲ್‌ನಲ್ಲಿ ಗುರುತು ಹಾಕಬಹುದು.

ದಾದಾ ಅಂಗಡಿಯ ಮೇಲಿನ ಸಸಿ ಆ ನಕ್ಷೆಯಲ್ಲಿ ಏಳನೆಯದು. ಹೋದ ತಿಂಗಳು ಅದರಲ್ಲಿ ಆರು ಎಲೆಗಳಿದ್ದವು. ಈ ಭಾನುವಾರ ಎಣಿಸಿದೆ, ಒಂಬತ್ತಾಗಿವೆ.