ಸತತ ಮೂರು ಶಾಟ್ ಹಾಕಿದವನು ನಾಲ್ಕನೆಯದನ್ನೂ ಹಾಕುತ್ತಾನಾ? ಬಾಸ್ಕೆಟ್‌ಬಾಲ್ ಪ್ಲೇಆಫ್ ವಾದಗಳ ಹಿಂದಿನ ಲೆಕ್ಕ

ಏಪ್ರಿಲ್ ಬಂತೆಂದರೆ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಪ್ಲೇಆಫ್ ಶುರುವಾಗುತ್ತದೆ. ಅದರ ಬೆನ್ನಿಗೇ ಫೋನ್‌ಗಳಲ್ಲಿ ವಾದಗಳೂ ಶುರು. "ಮೊದಲ ಪಂದ್ಯ ಗೆದ್ದವರೇ ಸರಣಿ ಗೆಲ್ಲೋದು, ಬೇಕಾದರೆ ಇತಿಹಾಸ ನೋಡಿ." "ಅವನ ಕೈ ಈಗ ಕಾದಿದೆ, ಎಲ್ಲಿಂದ ಎಸೆದರೂ ಒಳಗೆ." "ಈ ತಂಡಕ್ಕೆ ಮೊಮೆಂಟಮ್ ಸಿಕ್ಕಿದೆ, ಇನ್ನು ಯಾರೂ ತಡೆಯೋಕಾಗಲ್ಲ." ಕ್ರಿಕೆಟ್ ನೋಡುವವರಿಗೂ ಈ ಧಾಟಿ ಹೊಸದೇನಲ್ಲ.

ಇವುಗಳಲ್ಲಿ ಹಲವು ಸುಳ್ಳಲ್ಲ. ಅಂಕಿ ಅಂಶ ಸರಿಯಾಗಿಯೇ ಇರುತ್ತದೆ. ಆದರೆ ಆ ಅಂಕಿ ಏನನ್ನು ಸಾಬೀತು ಮಾಡುತ್ತದೆ ಎಂದು ಸಂದೇಶ ಹೇಳುತ್ತದೋ, ಅದನ್ನು ಸಾಬೀತು ಮಾಡುವುದಿಲ್ಲ. ಹೇಗೆ ಎಂದು ನೋಡೋಣ.

ಮೊದಲ ಪಂದ್ಯ ಗೆದ್ದವರೇ ಸರಣಿ ಗೆಲ್ಲುತ್ತಾರಾ?

ಎನ್‌ಬಿಎ ಪ್ಲೇಆಫ್‌ನಲ್ಲಿ 16 ತಂಡಗಳು, ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಎರಡು ತಂಡಗಳ ನಡುವೆ ಗರಿಷ್ಠ 7 ಪಂದ್ಯ. ಮೊದಲು 4 ಗೆದ್ದವರು ಮುಂದಕ್ಕೆ, ಸೋತವರು ಮನೆಗೆ.

ಈಗ ಎರಡು ತಂಡಗಳೂ ಪೂರ್ತಿ ಸಮಬಲ ಎಂದುಕೊಳ್ಳಿ. ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿ ನಿರ್ಧರಿಸಿದಂತೆ. ಹಾಗಿದ್ದರೂ ಮೊದಲ ಪಂದ್ಯ ಗೆದ್ದ ತಂಡ ಸರಣಿ ಗೆಲ್ಲುವ ಸಾಧ್ಯತೆ ಸುಮಾರು ಶೇ. 66. ಏಕೆಂದರೆ ಅದಕ್ಕೆ ಇನ್ನು 3 ಗೆಲುವು ಸಾಕು, ಎದುರಾಳಿಗೆ 4 ಬೇಕು. ಇದೇ ಲೆಕ್ಕದಲ್ಲಿ 2-0 ಮುಂದಿದ್ದರೆ ಶೇ. 81, 3-1 ಮುಂದಿದ್ದರೆ ಶೇ. 87.5. ಇದರಲ್ಲಿ ಆತ್ಮವಿಶ್ವಾಸ, ಮೊಮೆಂಟಮ್, ಇತಿಹಾಸ ಯಾವುದೂ ಇಲ್ಲ. ಬರೀ ಎಣಿಕೆ. ಹಾಗಾಗಿ "ಇಷ್ಟು ಶೇಕಡಾ ತಂಡಗಳು ಹೀಗೆಯೇ ಗೆದ್ದಿವೆ" ಎಂಬ ಸಂದೇಶ ನೋಡಿದಾಗ, ನಾಣ್ಯವೇ ಎಷ್ಟು ಕೊಡುತ್ತಿತ್ತು ಎಂಬುದನ್ನು ಮೊದಲು ಕಳೆಯಬೇಕು. ಉಳಿದದ್ದಷ್ಟೇ ಸುದ್ದಿ.

ಕೆಲವೊಮ್ಮೆ ನಿಜವಾಗಿಯೂ ಸುದ್ದಿ ಉಳಿಯುತ್ತದೆ. 3-0 ಹಿಂದಿರುವ ತಂಡ ತಿರುಗಿ ಬಂದು ಸರಣಿ ಗೆಲ್ಲಲು ನಾಣ್ಯದ ಲೆಕ್ಕದಲ್ಲಿ 16ರಲ್ಲಿ ಒಂದು ಅವಕಾಶವಿದೆ. ಆದರೆ 2025ರವರೆಗೆ 150ಕ್ಕೂ ಹೆಚ್ಚು ಸರಣಿಗಳು 3-0ಗೆ ಬಂದು ನಿಂತಿದ್ದರೂ ಒಂದು ತಂಡವೂ ಹಾಗೆ ಗೆದ್ದಿಲ್ಲ. 2023ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಮಯಾಮಿ ಹೀಟ್ ವಿರುದ್ಧ 3-0ರಿಂದ 3-3ಕ್ಕೆ ತಂದು, ಏಳನೇ ಪಂದ್ಯದಲ್ಲಿ ಸೋತಿತು. ಇದಕ್ಕೆ ಸರಳ ಕಾರಣ, ಸತತ ಮೂರು ಸೋಲುವ ತಂಡ ಸಾಮಾನ್ಯವಾಗಿ ಎದುರಾಳಿಗಿಂತ ದುರ್ಬಲವೇ ಆಗಿರುತ್ತದೆ. 3-0 ಎಂಬ ಸ್ಥಿತಿ ಸೋಲನ್ನು ತರುವುದಿಲ್ಲ, ಯಾರು ಬಲಿಷ್ಠರು ಎಂದು ತೋರಿಸುತ್ತದೆ.

"ಈ ಸಲ ಕಪ್ ಇವರದ್ದೇ" ಎನ್ನುವವರಿಗೆ ಇನ್ನೊಂದು ಲೆಕ್ಕ. ಒಂದು ತಂಡ ಎಷ್ಟು ಬಲವಾಗಿದೆಯೆಂದರೆ ಯಾರ ವಿರುದ್ಧ ಆಡಿದರೂ ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ಶೇ. 60 ಎಂದಿಟ್ಟುಕೊಳ್ಳಿ. ಒಂದು ಸರಣಿ ಗೆಲ್ಲುವ ಸಾಧ್ಯತೆ ಆಗ ಶೇ. 71. ನಾಲ್ಕು ಸರಣಿಗಳನ್ನೂ ಗೆಲ್ಲುವುದು? 0.71ನ್ನು ನಾಲ್ಕು ಸಲ ಗುಣಿಸಿ: ಸುಮಾರು ಶೇ. 25. ಅಂದರೆ ಎಲ್ಲರಿಗಿಂತ ಮೇಲಿರುವ ಇಂಥ ತಂಡವೂ ನಾಲ್ಕರಲ್ಲಿ ಮೂರು ಸಲ ಬರಿಗೈಯಲ್ಲಿ ವಾಪಸಾಗುತ್ತದೆ. ಆಗ "ಒತ್ತಡ ತಡೆಯೋಕೆ ಆಗಲಿಲ್ಲ" ಎಂಬ ಲೇಖನಗಳು ಬರುತ್ತವೆ. ಒತ್ತಡ ಇತ್ತೋ ಇಲ್ಲವೋ, ಅದಿಲ್ಲದೆಯೂ ಹೀಗಾಗುತ್ತದೆ.

"ಕೈ ಕಾಯುವುದು" ನಿಜವೇ?

ಇದು ಸ್ವಾರಸ್ಯದ ವಿಷಯ, ಏಕೆಂದರೆ ಇಲ್ಲಿ ವಿಜ್ಞಾನಿಗಳೇ ಸುಮಾರು 30 ವರ್ಷ ಒಂದು ಸಣ್ಣ ಲೆಕ್ಕದಲ್ಲಿ ಎಡವಿದ್ದರು.

ಎರಡು ಮೂರು ಶಾಟ್ ಸತತವಾಗಿ ಬಾಸ್ಕೆಟ್‌ಗೆ ಬಿದ್ದರೆ ಆಟಗಾರನ ಕೈ "ಕಾದಿದೆ", ಮುಂದಿನದ್ದೂ ಬೀಳುತ್ತದೆ ಎಂಬ ನಂಬಿಕೆಗೆ ಅಮೆರಿಕದಲ್ಲಿ 'ಹಾಟ್ ಹ್ಯಾಂಡ್' ಎನ್ನುತ್ತಾರೆ. 1985ರಲ್ಲಿ ಥಾಮಸ್ ಗಿಲೋವಿಚ್, ರಾಬರ್ಟ್ ವಲೋನ್, ಅಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಅವರು ಕೇಳಿದ 100 ಅಭಿಮಾನಿಗಳಲ್ಲಿ 91 ಮಂದಿ ಇದನ್ನು ನಂಬಿದ್ದರು. ಆದರೆ ಫಿಲಡೆಲ್ಫಿಯಾ 76ಅರ್ಸ್ ತಂಡದ 1980-81ರ ಪಂದ್ಯಗಳ ದಾಖಲೆ ಬೇರೆಯೇ ಹೇಳಿತು. ಹಿಂದಿನ ಶಾಟ್ ಬಿದ್ದಿದ್ದರೆ ಮುಂದಿನದು ಬಿದ್ದದ್ದು ಶೇ. 51, ಹಿಂದಿನದು ತಪ್ಪಿದ್ದರೆ ಶೇ. 54. ಸತತ ಮೂರು ಬಿದ್ದ ಮೇಲೆ ಶೇ. 46, ಸತತ ಮೂರು ತಪ್ಪಿದ ಮೇಲೆ ಶೇ. 56. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆಟಗಾರರಿಂದ, ತಡೆಯುವವರಿಲ್ಲದೆ, ಗೊತ್ತಾದ ದೂರದಿಂದ ಶಾಟ್ ಹಾಕಿಸಿ ನೋಡಿದಾಗಲೂ ಕಾದ ಕೈ ಕಾಣಲಿಲ್ಲ. ತೀರ್ಮಾನ: ಇದು ಭ್ರಮೆ.

ಬಾಸ್ಟನ್ ಸೆಲ್ಟಿಕ್ಸ್ ತಂಡದ ಹೆಸರಾಂತ ಕೋಚ್ ರೆಡ್ ಆವರ್‌ಬಾಕ್ ಈ ಅಧ್ಯಯನವನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಓದಿದವರು ಅವರನ್ನು ನೋಡಿ ನಕ್ಕರು. ಮನುಷ್ಯನ ಮೆದುಳು ಇಲ್ಲದ ವಿನ್ಯಾಸವನ್ನು ಕಾಣುತ್ತದೆ ಎಂಬುದಕ್ಕೆ ಹಾಟ್ ಹ್ಯಾಂಡ್ ಪಠ್ಯಪುಸ್ತಕದ ಉದಾಹರಣೆಯಾಯಿತು.

ಕೋಚ್ ಪೂರ್ತಿ ತಪ್ಪಿರಲಿಲ್ಲ ಎಂದು ತಿಳಿದದ್ದು ಬಹಳ ತಡವಾಗಿ. ಜೋಶುವಾ ಮಿಲ್ಲರ್ ಮತ್ತು ಆಡಮ್ ಸಂಜುರ್ಜೊ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಳೆಯ ಲೆಕ್ಕದ ದೋಷವನ್ನು ತೋರಿಸಿದರು. ಅದನ್ನು ನೀವೇ ಒಂದು ಹಾಳೆಯ ಮೇಲೆ ಮಾಡಿ ನೋಡಬಹುದು.

ನಾಣ್ಯವನ್ನು ಮೂರು ಸಲ ಚಿಮ್ಮಿ. ಸಾಧ್ಯವಿರುವ ಸಾಲುಗಳು ಎಂಟು. ಪ್ರತಿ ಸಾಲಿನಲ್ಲೂ ಹೆಡ್ ಬಿದ್ದ ಮರುಕ್ಷಣದ ಚಿಮ್ಮುವಿಕೆಯನ್ನು ಮಾತ್ರ ನೋಡಿ, ಅದರಲ್ಲಿ ಎಷ್ಟು ಪಾಲು ಹೆಡ್ ಎಂದು ಬರೆಯಿರಿ.

ಹೆಡ್-ಹೆಡ್-ಹೆಡ್: ಶೇ. 100
ಹೆಡ್-ಹೆಡ್-ಟೇಲ್: ಶೇ. 50
ಹೆಡ್-ಟೇಲ್-ಹೆಡ್: 0
ಹೆಡ್-ಟೇಲ್-ಟೇಲ್: 0
ಟೇಲ್-ಹೆಡ್-ಹೆಡ್: ಶೇ. 100
ಟೇಲ್-ಹೆಡ್-ಟೇಲ್: 0

ಉಳಿದ ಎರಡು ಸಾಲುಗಳಲ್ಲಿ (ಟೇಲ್-ಟೇಲ್-ಹೆಡ್, ಟೇಲ್-ಟೇಲ್-ಟೇಲ್) ಹೆಡ್ ನಂತರ ಚಿಮ್ಮುವಿಕೆಯೇ ಇಲ್ಲ, ಬಿಟ್ಟುಬಿಡಿ. ಆರರ ಸರಾಸರಿ ತೆಗೆದರೆ ಶೇ. 50 ಬರಬೇಕಲ್ಲವೇ? ಬರುವುದು ಸುಮಾರು ಶೇ. 42!

ನಾಣ್ಯದಲ್ಲಿ ಮೋಸವಿಲ್ಲ. ಒಟ್ಟಾರೆ ಎಣಿಸಿದರೆ ಹೆಡ್ ನಂತರದ ಚಿಮ್ಮುವಿಕೆಗಳು 8, ಅದರಲ್ಲಿ 4 ಹೆಡ್, ಸರಿಯಾಗಿ ಅರ್ಧ. ತೊಂದರೆ ಇರುವುದು ಸಾಲುಸಾಲಿಗೆ ಶೇಕಡಾ ತೆಗೆದು, ಆಮೇಲೆ ಅವುಗಳ ಸರಾಸರಿ ಮಾಡುವುದರಲ್ಲಿ. ಮೊದಲ ಸಾಲಿನಲ್ಲಿ ಎರಡು ಹೆಡ್‌ಗಳು ಒಟ್ಟಿಗೆ ಸೇರಿಕೊಂಡು ಒಂದೇ "100" ಆಗುತ್ತವೆ, ಮೂರನೇ ಸಾಲಿನ ಒಂಟಿ ಟೇಲ್ ತಾನೊಂದೇ ಒಂದು ಪೂರ್ತಿ "0" ಆಗುತ್ತದೆ. ಸಾಲುಗಳ ಬದಲು ಆಟಗಾರರನ್ನು ಇಡಿ: ಒಬ್ಬೊಬ್ಬರ ಶೇಕಡಾ ತೆಗೆದು ಹೋಲಿಸುವ ಹಳೆಯ ವಿಧಾನದಲ್ಲಿಯೂ ಇದೇ ಆಗಿತ್ತು. ಶಾಟ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಈ ವಾಲಿಕೆ ಕಡಿಮೆಯಾಗುತ್ತದೆ. ಆದರೆ ಸತತ ಮೂರರ ನಂತರ ಏನಾಯಿತು ಎಂದು ನೋಡುವಾಗ 100 ಶಾಟ್‌ಗಳೂ ಸಾಲುವುದಿಲ್ಲ. ಹಾಗಾಗಿ "ಮೂರು ಬಿದ್ದ ಮೇಲೂ ಮೊದಲಿನಷ್ಟೇ" ಎಂದು ಕಂಡ ಆಟಗಾರ ನಿಜಕ್ಕೂ ಮೊದಲಿಗಿಂತ ಚೆನ್ನಾಗಿ ಆಡಿದ್ದ. ಕಾರ್ನೆಲ್‌ನ ಅದೇ ಹಳೆಯ ದಾಖಲೆಯನ್ನು ಸರಿಪಡಿಸಿ ನೋಡಿದಾಗ, ಮೂರು ಬಿದ್ದ ನಂತರಕ್ಕೂ ಮೂರು ತಪ್ಪಿದ ನಂತರಕ್ಕೂ 100 ಶಾಟ್‌ಗೆ 10ಕ್ಕಿಂತ ಹೆಚ್ಚಿನ ವ್ಯತ್ಯಾಸ ಸಿಕ್ಕಿತು.

ಹಾಗಾದರೆ ಫಾರ್ವರ್ಡ್ ಗೆದ್ದಿತೇ? ಅಷ್ಟು ಬೇಗ ಬೇಡ. ನಿಜವಾದ ಪಂದ್ಯದಲ್ಲಿ ಕೈ ಕಾದವನು ಇನ್ನೂ ದೂರದಿಂದ, ಇನ್ನೂ ಕಷ್ಟದ ಶಾಟ್ ಹಾಕಲು ಹೋಗುತ್ತಾನೆ. ಎದುರಾಳಿಗಳೂ ಅವನಿಗೆ ಅಂಟಿಕೊಳ್ಳುತ್ತಾರೆ. 2014ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಕ್ರೀಡಾಂಗಣದ ಕ್ಯಾಮೆರಾ ದಾಖಲೆಗಳಿಂದ ಶಾಟ್‌ನ ಕಷ್ಟವನ್ನೂ ಲೆಕ್ಕಕ್ಕೆ ಹಿಡಿದಾಗ, ಉಳಿದ ಲಾಭ ಸುಮಾರು 100 ಶಾಟ್‌ಗೆ ಒಂದೆರಡು ಮಾತ್ರ. ಕಾದ ಕೈ ಇದೆ, ಚಿಕ್ಕದಾಗಿದೆ. ಮುಂದಿನ ಶಾಟ್ ಬಿದ್ದೇ ಬೀಳುತ್ತದೆ ಎನ್ನಲು ಅದು ಸಾಲದು.

ಮೊಮೆಂಟಮ್‌ನ ಕಥೆ

2016ರ ಪ್ಲೇಆಫ್ ಒಂದೇ ಸಾಕು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಲೀಗ್ ಹಂತದ 82 ಪಂದ್ಯಗಳಲ್ಲಿ 73 ಗೆದ್ದು ದಾಖಲೆ ಮಾಡಿತ್ತು. ಒಕ್ಲಹೋಮಾ ಸಿಟಿ ವಿರುದ್ಧ 3-1 ಹಿಂದೆ ಬಿದ್ದಾಗ ಮೊಮೆಂಟಮ್ ಎದುರಾಳಿಯದು ಎಂದರು. ಆರನೇ ಪಂದ್ಯದಲ್ಲಿ ಕ್ಲೇ ಥಾಮ್ಸನ್ 11 ತ್ರೀ ಪಾಯಿಂಟರ್ ಹಾಕಿ ಸರಣಿಯನ್ನು ಉಳಿಸಿದರು, ತಂಡ 4-3ರಿಂದ ಗೆದ್ದಿತು. ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ ಇದೇ ತಂಡ 3-1 ಮುಂದಿತ್ತು. ಆಮೇಲೆ ಸತತ ಮೂರು ಸೋತು ಕಪ್ ಕಳೆದುಕೊಂಡಿತು. ಒಂದು ತಿಂಗಳೊಳಗೆ ಮೊಮೆಂಟಮ್ ಎಷ್ಟು ಸಲ ಪಕ್ಷ ಬದಲಿಸಿತೋ! ಯಾರು ಗೆದ್ದರು ಎಂದು ತಿಳಿದ ಮೇಲೆ ಇಡುವ ಹೆಸರು ಅದು ಎಂಬುದು ನಮ್ಮ ಅನಿಸಿಕೆ.

"ಸತತ ಆರು ಊಹೆ ಸರಿ" ಎನ್ನುವವರು

ವಾದ ಮಾಡಿ ಸೋತರೆ ಹೋಗುವುದು ಮರ್ಯಾದೆ ಮಾತ್ರ. ಈ ಸಂದೇಶದಲ್ಲಿ ದುಡ್ಡೇ ಹೋಗುತ್ತದೆ. ಗುರುತಿಲ್ಲದ ನಂಬರ್‌ನಿಂದ ಪಂದ್ಯಕ್ಕೆ ಮುಂಚೆಯೇ ವಿಜೇತರ ಹೆಸರು ಬರುತ್ತದೆ, ಸರಿಯಾಗುತ್ತದೆ. ಎರಡನೆಯದೂ ಸರಿ, ಮೂರನೆಯದೂ ಸರಿ. ಆರು ಸರಿಯಾದ ಮೇಲೆ "ಏಳನೆಯದಕ್ಕೆ ವಿಐಪಿ ಗ್ರೂಪ್ ಸೇರಿ, ಶುಲ್ಕ ಇಷ್ಟು" ಎಂದು ಬರುತ್ತದೆ. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಆದರೆ ಇಲ್ಲಿ ಅವನು ನಿಮ್ಮಿಂದ ಬಾಜಿ ಕಟ್ಟಿಸಬೇಕೆಂದೂ ಇಲ್ಲ, ಶುಲ್ಕವೇ ಅವನ ಸಂಪಾದನೆ.

ಇದಕ್ಕೆ ಬಾಸ್ಕೆಟ್‌ಬಾಲ್ ಗೊತ್ತಿರಬೇಕಿಲ್ಲ. 6,400 ನಂಬರ್ ಇದ್ದರೆ ಸಾಕು. ಅರ್ಧ ಜನಕ್ಕೆ ಒಂದು ತಂಡ ಗೆಲ್ಲುತ್ತದೆ ಎಂದು, ಇನ್ನರ್ಧಕ್ಕೆ ಇನ್ನೊಂದು ಎಂದು ಕಳಿಸುತ್ತಾನೆ. ತಪ್ಪು ಊಹೆ ಹೋದವರನ್ನು ಬಿಟ್ಟು, ಉಳಿದ 3,200 ಮಂದಿಯನ್ನು ಮತ್ತೆ ಎರಡು ಭಾಗ ಮಾಡುತ್ತಾನೆ. 1,600, 800, 400, 200. ಆರನೇ ಪಂದ್ಯ ಮುಗಿಯುವಾಗ 100 ಜನರ ಕೈಯಲ್ಲಿ ಒಂದೂ ತಪ್ಪದ ಆರು ಊಹೆಗಳಿರುತ್ತವೆ, ಸ್ಕ್ರೀನ್‌ಶಾಟ್ ಸಮೇತ. ಅದನ್ನು ಅವರೇ ಗೆಳೆಯರಿಗೆ ಫಾರ್ವರ್ಡ್ ಮಾಡುತ್ತಾರೆ. ತಪ್ಪು ಊಹೆ ಪಡೆದ 6,300 ಜನರ ಫೋನಿನಿಂದ ಯಾವ ಸ್ಕ್ರೀನ್‌ಶಾಟೂ ಹೊರಡುವುದಿಲ್ಲ.