ಮೋಟರ್ ಎತ್ತುವ ಮುನ್ನ

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ. ಮಳೆ ಕೈಕೊಟ್ಟ ವರ್ಷ ಮೂರನ್ನೂ ಕಾಯುವುದು ಕೊಳವೆಬಾವಿಯ ತಳದಲ್ಲಿ ಕೂತ ಸಬ್‌ಮರ್ಸಿಬಲ್ ಮೋಟರು. ತರೀಕೆರೆಯ ಒಂದಷ್ಟು ಊರುಗಳಿಗೆ ಲಕ್ಕವಳ್ಳಿ ಅಣೆಕಟ್ಟೆಯ ಭದ್ರೆಯ ನೀರುಂಟು, ಕಡೂರಿನಲ್ಲಿ ಮದಗದ ಕೆರೆ, ಅಯ್ಯನಕೆರೆಗಳ ಅಚ್ಚುಕಟ್ಟು ಉಂಟು. ಅದರಾಚೆ, ಬಾಬಾಬುಡನ್‌ಗಿರಿಯ ಮಳೆನೆರಳಿನ ಹಳ್ಳಿಗಳಲ್ಲಿ ತೋಟ ಹಸಿರಾಗಿರುವುದು ನೂರಾರು ಅಡಿ ಕೆಳಗಿನ ನೀರಿನಿಂದ. ಆ ಆಳದ ಮೋಟರನ್ನು ನೆಲದ ಮೇಲಿಂದ ಆಳುವುದು ತಗಡಿನ ಪೆಟ್ಟಿಗೆಯೊಳಗಿನ ಸ್ಟಾರ್ಟರ್. ಈ ಎರಡರ ನಡುವೆ ಏನೋ ಕೆಟ್ಟಾಗ, ಕೆಟ್ಟದ್ದು ಯಾವುದು ಎಂದು ಹೇಳಬಲ್ಲವರು ಪೇಟೆಯ ವೈಂಡಿಂಗ್ ಅಂಗಡಿಗಳಲ್ಲಿದ್ದಾರೆ. ಅವರ ವಿದ್ಯೆಗೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಫೋನು ಬರುವುದು ತ್ರೀ ಫೇಸ್ ಕರೆಂಟು ಕೊಟ್ಟ ಹೊತ್ತಿಗೆ.

“ಅಣ್ಣಾ, ಮೋಟ್ರು ಗುಂಯ್ ಅಂತೈತೆ, ನೀರು ಬರ್ತಿಲ್ಲ.”

“ಗೌಡ್ರೆ, ಇನ್ನೊಂದ್ಸಲ ಬಟನ್ ಒತ್ತಬೇಡಿ. ನಾನು ಬರೋತನಕ ಮುಟ್ಟಬೇಡಿ.”

ಈ ಉತ್ತರದಲ್ಲೇ ಅರ್ಧ ರಿಪೇರಿ ಇದೆ. ಮೂರರಲ್ಲಿ ಒಂದು ಫೇಸ್ ಬಾರದಿದ್ದರೆ ನಿಂತ ಮೋಟರು ತಿರುಗಲಾರದು. ತಿರುಗದೆ ನಿಂತಲ್ಲೇ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಹಸಿರು ಬಟನ್ ಒತ್ತಿದಷ್ಟು ಸಲವೂ ವೈಂಡಿಂಗ್ ಕಾಯುತ್ತದೆ. ಓವರ್‌ಲೋಡ್ ರಿಲೇ ಸರಿಯಾಗಿದ್ದರೆ ಕೆಲವೇ ಸೆಕೆಂಡಿನಲ್ಲಿ ಸ್ಟಾರ್ಟರ್ ಬಿದ್ದುಹೋಗಬೇಕು. ಅದನ್ನು ಮತ್ತೆ ಮತ್ತೆ ರೀಸೆಟ್ ಮಾಡಿ ಒತ್ತಿದರೆ, ಬರೀ ಫ್ಯೂಸ್ ಹೋಗಿದ್ದ ಕಡೆ ಮೋಟರೇ ಹೋಗುತ್ತದೆ.

ಬಂದವರು ಒಳ್ಳೆಯ ಮೆಕ್ಯಾನಿಕ್ ಆಗಿದ್ದರೆ ಬೋರ್‌ವೆಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲು ಬರುವ ಕರೆಂಟು. ಮೀಟರಿನ ಕಡ್ಡಿಗಳನ್ನು ಎರಡೆರಡು ಫೇಸ್‌ಗಳ ನಡುವೆ ಇಟ್ಟರೆ ಮೂರು ಸಲವೂ 415 ವೋಲ್ಟ್ ಆಸುಪಾಸು ಬರಬೇಕು. ಬಾರದಿದ್ದರೆ ತಕರಾರು ಟಿಸಿಯಲ್ಲೋ (ಟ್ರಾನ್ಸ್‌ಫಾರ್ಮರ್) ಲೈನಿನಲ್ಲೋ ಇದೆ, ಅದು ಮೆಸ್ಕಾಂ ಲೈನ್‌ಮನ್ನರ ಕೆಲಸ. ಬಂದರೆ ಪೆಟ್ಟಿಗೆಯ ಒಳಗೆ. ಕಾಂಟ್ಯಾಕ್ಟರಿನ ಪಾಯಿಂಟುಗಳು ಸುಟ್ಟು ಗುಳಿಬಿದ್ದಿರಬಹುದು. ಇರುವೆ ಗೂಡು ಕಟ್ಟಿರಬಹುದು, ಪಾಯಿಂಟುಗಳ ನಡುವೆ ಹಲ್ಲಿ ಸಿಕ್ಕಿ ಸತ್ತಿರಬಹುದು. ಸ್ಟಾರ್ಟರ್ ಕಟಕಟ ಬಡಿದುಕೊಳ್ಳುತ್ತಿದ್ದರೆ ವೋಲ್ಟೇಜ್ ಸಾಲದೆ ನೋವೋಲ್ಟ್ ಕಾಯಿಲು ಹಿಡಿಯುತ್ತಿಲ್ಲವೆಂದು ಅರ್ಥ. ಪೆಟ್ಟಿಗೆಯಲ್ಲೂ ತಪ್ಪಿಲ್ಲವೆಂದಾದ ಮೇಲೆ, ಮೇನ್ ಸ್ವಿಚ್ ಇಳಿಸಿ, ಕೆಳಗಿಳಿಯುವ ಕೇಬಲ್ ಬಿಚ್ಚಿ, ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಚ್ಚುತ್ತಾರೆ.

ಇಷ್ಟು ಸಾವಧಾನ ಏಕೆಂದರೆ ಮೋಟರ್ ಎತ್ತುವುದು ಸಣ್ಣ ಕೆಲಸವಲ್ಲ. ಲಾರಿ ತರಿಸಬೇಕು, ಆಳುಗಳನ್ನು ಕರೆಯಬೇಕು, ನೂರಾರು ಅಡಿ ಪೈಪನ್ನು ಮೇಲೆಳೆದು ಮತ್ತೆ ಇಳಿಸಬೇಕು. ಕಾಂಟ್ಯಾಕ್ಟರಿನ ಒಂದು ಪಾಯಿಂಟು ಬದಲಿಸಿದರೆ ಸಾಕಿದ್ದ ಜಾಗದಲ್ಲಿ ಮೋಟರ್ ಎತ್ತಿಸಿದ ರೈತನಿಗೆ ದುಡ್ಡಿನ ಜೊತೆ ಒಂದೆರಡು ದಿನದ ನೀರೂ ಹೋಯಿತು. ಏಪ್ರಿಲ್ ತಿಂಗಳ ಅಡಿಕೆ ಸಸಿಗೆ ಆ ನೀರು ದೊಡ್ಡದು.

ಈ ಕಸುಬಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಪರೀಕ್ಷೆ ಒಂದಿದೆ. ಮೋಟರು ಓಡುತ್ತಿದೆ, ಆದರೆ ಟಾಂಗ್ ಟೆಸ್ಟರ್ ಹಾಕಿದರೆ ಮೂರು ವೈರುಗಳ ಆಂಪಿಯರ್ ಸಮ ಇಲ್ಲ, ಒಂದರಲ್ಲಿ ಹೆಚ್ಚು. ತಪ್ಪು ಬರುವ ಕರೆಂಟಿನದೋ, ಕೆಳಗಿನ ಮೋಟರಿನದೋ? ಆಗ ಕರೆಂಟು ಪೂರ್ತಿ ತೆಗೆದು, ಮೋಟರಿನ ಮೂರೂ ವೈರುಗಳನ್ನು ಒಂದೊಂದು ಮನೆ ಮುಂದಕ್ಕೆ ಸರಿಸಿ ಜೋಡಿಸುತ್ತಾರೆ. ಮೊದಲನೆಯದು ಎರಡನೆಯದರ ಜಾಗಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮೊದಲನೆಯದಕ್ಕೆ. ಮೂರನ್ನೂ ಸರಿಸಿದ್ದರಿಂದ ಮೋಟರು ತಿರುಗುವ ದಿಕ್ಕು ಬದಲಾಗದು (ಎರಡನ್ನು ಮಾತ್ರ ಅದಲುಬದಲು ಮಾಡಿದರೆ ಉಲ್ಟಾ ತಿರುಗಿ ನೀರು ಕಡಿಮೆಯಾಗುತ್ತದೆ). ಮತ್ತೆ ಚಾಲೂ ಮಾಡಿ ಅಳೆಯುತ್ತಾರೆ. ಹೆಚ್ಚಿನ ಆಂಪಿಯರ್ ಅದೇ ಫೇಸ್‌ನಲ್ಲಿ ಉಳಿದರೆ ದೋಷ ಕರೆಂಟಿನದು. ಮೋಟರಿನ ವೈರಿನ ಜೊತೆ ತಾನೂ ಸರಿದರೆ ದೋಷ ಕೆಳಗಿನದು, ಎತ್ತಲೇಬೇಕು. ಕಣ್ಣಿಗೆ ಕಾಣದ ಆಳದಲ್ಲಿರುವುದನ್ನು ಮೂರು ತಿರುಪು ಸಡಿಲಿಸಿ ತಿಳಿಯುವ ಈ ಜಾಣ್ಮೆಯನ್ನು ಕಾಲೇಜಿನ ಪ್ರಯೋಗಶಾಲೆಯಲ್ಲೂ ಕಲಿಸಬೇಕು.

ಅಮೆರಿಕದಲ್ಲಿ ಡೀನ್ ಕೇಮನ್ ಕಟ್ಟಿದ ‘ಫಸ್ಟ್’ ಎಂಬ ಸಂಸ್ಥೆ 1992ರಿಂದ ಹೈಸ್ಕೂಲು ಮಕ್ಕಳ ರೋಬಾಟ್ ಸ್ಪರ್ಧೆ ನಡೆಸುತ್ತ ಬಂದಿದೆ. ಅಲ್ಲಿ 12 ವೋಲ್ಟ್ ಬ್ಯಾಟರಿಯ ರೋಬಾಟ್ ಅಂಕಣದ ನಡುವೆ ನಿಂತುಬಿಟ್ಟರೆ ಮಕ್ಕಳು ಮಾಡುವುದೂ ಇದನ್ನೇ. ತಿರುಗದ ಮೋಟರಿನ ಕಂಟ್ರೋಲರಿಗೆ ಚೆನ್ನಾಗಿರುವ ಇನ್ನೊಂದು ಮೋಟರು ಸಿಕ್ಕಿಸಿ ನೋಡುತ್ತಾರೆ. ಅದೂ ತಿರುಗದಿದ್ದರೆ ಕಂಟ್ರೋಲರ್ ಅಥವಾ ಅದಕ್ಕೆ ಬರುವ ವೈರು, ತಿರುಗಿದರೆ ಹಳೆಯ ಮೋಟರು. ಎಲ್ಲ ಮೋಟರುಗಳೂ ಒಟ್ಟಿಗೆ ಎಳೆದಾಗ ಬ್ಯಾಟರಿಯ ವೋಲ್ಟೇಜ್ ಕುಸಿದು ರೋಬಾಟ್ ಸುಮ್ಮನಾಗುವುದೂ ಉಂಟು.

ಆ ಕುಸಿತ ನಮ್ಮ ಟಿಸಿಗಳ ದಿನನಿತ್ಯದ ಕಥೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಕರೆಂಟು ಉಚಿತ, ಆದರೆ ತ್ರೀ ಫೇಸ್ ಬರುವುದು ದಿನದ ಕೆಲವೇ ಗಂಟೆ. ಹಾಗಾಗಿ ತೋಟ ತೋಟದಲ್ಲೂ ಆಟೋ ಸ್ಟಾರ್ಟರ್. ಕರೆಂಟು ಬಂದ ಕ್ಷಣಕ್ಕೆ ಒಂದು ಟಿಸಿಯ ಎಲ್ಲ ಮೋಟರುಗಳೂ ಒಂದೇ ಸಲ ಎದ್ದು, ಒಂದೊಂದೂ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತವೆ. ವೋಲ್ಟೇಜ್ ಬೀಳುತ್ತದೆ. ವೋಲ್ಟೇಜ್ ಅರ್ಧವಾದರೆ ಮೋಟರಿನ ಎಳೆತ ಕಾಲುಭಾಗಕ್ಕೆ ಇಳಿಯುತ್ತದೆ, ಯಾವುದೂ ವೇಗ ಹಿಡಿಯದೆ ಎಲ್ಲವೂ ಕಾಯುತ್ತವೆ. ಇದಕ್ಕೆ ಮದ್ದು ಆಟೋ ಸ್ಟಾರ್ಟರಿನೊಳಗೇ ಇರುವ ಟೈಮರ್. ಒಬ್ಬರದು ಒಂದು ನಿಮಿಷಕ್ಕೆ, ಪಕ್ಕದವರದು ಎರಡಕ್ಕೆ, ಅವರಾಚೆಯವರದು ಮೂರಕ್ಕೆ ಇಟ್ಟುಕೊಂಡರೆ ಸಾಕು. ಖರ್ಚಿಲ್ಲ, ಅಕ್ಕಪಕ್ಕದವರು ಕೂತು ಮಾತಾಡಬೇಕು ಅಷ್ಟೆ.

ಎತ್ತಿದ ಮೋಟರು ಅಂಗಡಿಗೆ ಬಂದಾಗ ಹಳೆಯ ವೈಂಡಿಂಗ್ ಕೀಳುವ ಮೊದಲು ಅದನ್ನು ಓದುವವರೇ ನಿಜವಾದ ವೈಂಡರ್. ಮೂರೂ ಫೇಸ್‌ನ ಕಾಯಿಲುಗಳು ಒಂದೇ ಸಮ ಕರಕಲಾಗಿದ್ದರೆ ಹೊರೆ ಹೆಚ್ಚಾಗಿತ್ತು ಅಥವಾ ವೋಲ್ಟೇಜ್ ಕಡಿಮೆಯಿತ್ತು. ಸ್ಟಾರ್ ಜೋಡಣೆಯಲ್ಲಿ ಎರಡು ಫೇಸ್ ಸುಟ್ಟು ಒಂದು ಹೊಸದರಂತೆ ಉಳಿದಿದ್ದರೆ, ಡೆಲ್ಟಾದಲ್ಲಿ ಒಂದೇ ಸುಟ್ಟಿದ್ದರೆ, ಓಡುತ್ತಿದ್ದಾಗ ಒಂದು ಫೇಸ್ ಕೈಕೊಟ್ಟಿದೆ. ಒಂದೇ ಒಂದು ಕಡೆ ಚುಕ್ಕಿಯಂತೆ ಸುಟ್ಟಿದ್ದರೆ ಅಲ್ಲಿ ತಂತಿಯ ಹೊದಿಕೆ ಹರಿದಿದೆ. ಕಾರಣ ಕೇಳದೆ ಹೊಸ ತಂತಿ ಸುತ್ತಿ ಕಳಿಸಿದರೆ ಅದೇ ಪೆಟ್ಟಿಗೆ, ಅದೇ ಲೈನು ಅದನ್ನೂ ಸುಡುತ್ತವೆ.

ಒಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ರಿಲೇ ತಪ್ಪಿಸಿ ‘ಡೈರೆಕ್ಟ್’ ಮಾಡುವುದು, ಎರಡೇ ಫೇಸ್‌ ಇರುವಾಗ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವುದು, ಅರ್ಥಿಂಗ್ ಇಲ್ಲದ ತಗಡಿನ ಪೆಟ್ಟಿಗೆಯನ್ನು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ತೆರೆಯುವುದು, ಇವು ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಮೊದಲೆರಡು ಮೋಟರನ್ನು ಕೊಲ್ಲುತ್ತವೆ, ಮೂರನೆಯದು ಮನುಷ್ಯನನ್ನು. ರಿಲೇ ಬೀಳುತ್ತಿದೆಯೆಂದರೆ ಅದು ತನ್ನ ಕೆಲಸ ಮಾಡುತ್ತಿದೆ.

ಹೊಸ ಮೋಟರ್ ಇಳಿಸಿದ ದಿನವೇ ಪೆಟ್ಟಿಗೆಯ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿ: ತಾರೀಕು, ಮೋಟರಿನ ಎಚ್‌ಪಿ, ಇಳಿಸಿದ ಆಳ, ಮೂರು ವೈರುಗಳ ಆಂಪಿಯರ್, ಆಗಿದ್ದ ವೋಲ್ಟೇಜ್, ರಿಲೇ ಇಟ್ಟ ಅಂಕಿ. ಮೋಟರ್ ಕೈಕೊಟ್ಟ ದಿನ ಮೆಕ್ಯಾನಿಕ್ ಮೊದಲು ಕೇಳುವುದು ಇವನ್ನೇ.